ಬುಲೆಟ್ ರೈಲಿನ ಚರ್ಚೆ: ಮನವಿ ಬರೆಯುವ ಮುನ್ನ

ಕಾರವಾರ, ಅಂಕೋಲಾ, ಶಿರಸಿ ಸದಸ್ಯರ ಗಮನಕ್ಕೆ.

'ಬುಲೆಟ್ ರೈಲು ನಿಲ್ಲಿಸಿ, ಆ ದುಡ್ಡು ನಮಗೆ ಕೊಡಿ' ಎಂಬ ಸಾಲನ್ನು ನಮ್ಮ ರೈಲು ಬೇಡಿಕೆಗಳ ಮನವಿಯಿಂದ ತೆಗೆಯಿರಿ. ಕೇಳಲು ಚೆಂದ, ವಾದಕ್ಕೆ ನಿಲ್ಲುವುದಿಲ್ಲ. ಮುಂಬೈ-ಅಹಮದಾಬಾದ್ ಮಾರ್ಗ 508 ಕಿ.ಮೀ.; 2017ರ ಅಂದಾಜು ಸುಮಾರು 1.08 ಲಕ್ಷ ಕೋಟಿ ರೂ., ಅಂದರೆ ಕಿ.ಮೀ.ಗೆ 212 ಕೋಟಿ. ಇದರಲ್ಲಿ ಶೇ. 81 ಜಪಾನಿನ ಸಾಲ: ಬಡ್ಡಿ ಶೇ. 0.1, ಅವಧಿ 50 ವರ್ಷ. ಅದು ಆ ಯೋಜನೆಗೇ ಕಟ್ಟಿದ ಸಾಲ, ನಾವು ಕೇಳುತ್ತಿರುವ ಹುಬ್ಬಳ್ಳಿ-ಅಂಕೋಲಾ ಹೊಸ ರೈಲು ಮಾರ್ಗಕ್ಕೆ ತಿರುಗಿಸಲು ಬರುವುದಿಲ್ಲ. ಪ್ರಶ್ನಿಸಬೇಕಾದ್ದು ಬೇರೆ: ಸಾಲ ಯೆನ್‌ನಲ್ಲಿದೆ. ರೂಪಾಯಿ ಕುಸಿದರೆ ಅಗ್ಗದ ಬಡ್ಡಿಯ ಲಾಭ ಅಲ್ಲೇ ಕರಗುತ್ತದೆ. ಹಳಿಯೂ 1435 ಮಿ.ಮೀ. ಅಗಲದ್ದು; ನಮ್ಮ 1676 ಮಿ.ಮೀ. ಬ್ರಾಡ್‌ಗೇಜ್ ಗಾಡಿ ಅದರ ಮೇಲೆ ಓಡದು.

ನಮ್ಮ ಬೇಡಿಕೆ ಕೊಂಕಣ ರೈಲಿನ ಜೋಡಿ ಹಳಿ. ಮಹಾರಾಷ್ಟ್ರದ ರೋಹಾದಿಂದ ಮಂಗಳೂರು ಬಳಿಯ ತೋಕೂರುವರೆಗಿನ 741 ಕಿ.ಮೀ. ಬಹುಪಾಲು ಒಂಟಿ ಹಳಿ; ಎದುರು ಗಾಡಿ ದಾಟುವವರೆಗೆ ಕ್ರಾಸಿಂಗ್ ನಿಲ್ದಾಣದಲ್ಲಿ ಕಾಯಲೇಬೇಕು. ಒಂದು ಗಾಡಿ ತಡವಾದರೆ ಹಿಂದಿನವೂ ತಡ. ಎಂಜಿನ್ ವೇಗ ಹೆಚ್ಚಿಸಿದರೆ ಇದು ಸರಿಹೋಗದು. ಮಳೆಗಾಲದಲ್ಲಿ ಗುಡ್ಡ ಕುಸಿತದ ಭಯಕ್ಕೆ ವೇಗವನ್ನೇ ಇಳಿಸುತ್ತಾರೆ.

ಇನ್ನೊಂದು. ಕೊಂಕಣ ರೈಲ್ವೆ ಪ್ರತ್ಯೇಕ ನಿಗಮವಾಗಿ ಹುಟ್ಟಿದ್ದು, ಆರಂಭದಲ್ಲಿ ಅದರ ಬಂಡವಾಳದಲ್ಲಿ ಕರ್ನಾಟಕದ ಪಾಲು ಶೇ. 15 ಇತ್ತು. ಹಾಗಾಗಿ ಮನವಿಯ ಒಂದು ಪ್ರತಿ ರಾಜ್ಯ ಸರ್ಕಾರಕ್ಕೂ ಹೋಗಲಿ. ಹುಬ್ಬಳ್ಳಿ-ಅಂಕೋಲಾಕ್ಕೆ ರೈಲ್ವೆಯ ಪಿಂಕ್ ಬುಕ್‌ನಲ್ಲಿ (ಬಜೆಟ್ ಜೊತೆ ಬರುವ, ಯೋಜನಾವಾರು ಅನುದಾನದ ಪಟ್ಟಿ) ನೈಋತ್ಯ ರೈಲ್ವೆಯ ಪುಟ ನೋಡಿ, ಯೋಜನಾ ವೆಚ್ಚ ಮತ್ತು ಆ ವರ್ಷದ ಅನುದಾನ ಎರಡನ್ನೂ ಬರೆದುಕೊಳ್ಳಿ. ಪತ್ರಿಕೆಯವರು ಇವೆರಡನ್ನೂ ಕಲಸಿಬಿಡುತ್ತಾರೆ. ಶಿರಸಿಯವರ ತಾಳಗುಪ್ಪ-ಹುಬ್ಬಳ್ಳಿ ರೈಲು ಮಾರ್ಗದ ಬೇಡಿಕೆಗೆ ಬೇರೆ ಪತ್ರ ಬೇಕು.