ನಾಲೆಯ ಏರಿಯನ್ನು ಸೈಕಲ್ಲಿಗೆ ಬಿಡಿ

ಮಾನ್ಯ ಸಂಪಾದಕರೇ,

ಕೊಡಗಿನ ವಾರಾಂತ್ಯದ ವಾಹನ ದಟ್ಟಣೆಯ ಕುರಿತು ಪತ್ರಿಕೆಯಲ್ಲಿ ಬರುವ ವರದಿಗಳನ್ನು ತಪ್ಪದೆ ಓದುತ್ತೇನೆ. ರಸ್ತೆ ಅಗಲ ಮಾಡಿ, ಪಾರ್ಕಿಂಗ್ ಜಾಗ ಹೆಚ್ಚಿಸಿ ಎಂಬಲ್ಲಿಗೇ ಪ್ರತಿ ಚರ್ಚೆಯೂ ಬಂದು ನಿಲ್ಲುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ರಸ್ತೆ, ಮನೆ, ತೋಟಗಳ ಸಮೇತ ಇಳಿದುಬಂದದ್ದನ್ನು ಕಂಡ ಜಿಲ್ಲೆ ಇದು. ಇನ್ನೆಷ್ಟು ಗುಡ್ಡದ ಬರೆ ಕಡಿದು ರಸ್ತೆ ಅಗಲ ಮಾಡಲಾದೀತು? ನನ್ನ ಬೇಡಿಕೆ ಬೇರೆ. ಹಾರಂಗಿ ನಾಲೆಯ ಏರಿಯಲ್ಲಿ, ಕೂಡಿಗೆ, ಹೆಬ್ಬಾಲೆ ಕಡೆಯ ಬಯಲಿನ ಒಂದು ಭಾಗವನ್ನು ಸೈಕಲ್ ಸವಾರರಿಗೂ ನಡೆದು ಹೋಗುವವರಿಗೂ ಮೀಸಲಿಡಬೇಕು. ಅಲ್ಲಿ ಮೋಟಾರು ವಾಹನ ಬರಕೂಡದು.

ನಾಲೆಯ ಕೆಲಸದಲ್ಲೇ ನಿವೃತ್ತನಾದವನು ನಾನು. ಕಾರ್ಯ ನಿರೀಕ್ಷಕನಾಗಿ ಸೈಕಲ್ ತುಳಿದುಕೊಂಡು ತೂಬಿನಿಂದ ತೂಬಿಗೆ ಹೋಗಿ, ಎಲ್ಲಿ ಹೂಳು ತುಂಬಿದೆ, ಎಲ್ಲಿ ಏಡಿ ಬಿಲ ತೋಡಿ ನೀರು ಸೋರುತ್ತಿದೆ, ಯಾರ ಗದ್ದೆಗೆ ಸರದಿ ತಪ್ಪಿದೆ ಎಂದು ನೋಡುವುದು ನನ್ನ ನಿತ್ಯದ ಕೆಲಸವಾಗಿತ್ತು. ಏರಿಯ ಮೇಲೆ ಸೈಕಲ್ ಓಡಿಸುವ ಸುಖ ಆ ಕೆಲಸ ಮಾಡಿದವರಿಗೆ ಗೊತ್ತು. ನೀರು ತಾನಾಗಿ ಹರಿಯಬೇಕಾದ್ದರಿಂದ ನಾಲೆಯ ಇಳಿಜಾರು ಕಣ್ಣಿಗೇ ಕಾಣದಷ್ಟು ಕಡಿಮೆ. ಏರು ಹತ್ತಿ ಏದುಸಿರು ಬಿಡುವುದೇ ಬದುಕಾದ ಕೊಡಗಿನಲ್ಲಿ ಇಂಥ ಸಮತಟ್ಟಾದ ದಾರಿ ಇನ್ನೆಲ್ಲೂ ಸಿಗದು.

ಮಗಳು ಫ್ರಾನ್ಸಿನ ತುಲೂಜ್ ನಗರದಲ್ಲಿ ಕೆಲಸದಲ್ಲಿದ್ದಾಳೆ. ಅವಳ ಮನೆಗೆ ಹೋಗಿದ್ದಾಗ ನಾನು ಮೊದಲು ನೋಡಬೇಕೆಂದದ್ದು ಅಲ್ಲಿಂದ ಸೆತ್ ಎಂಬ ಬಂದರಿನವರೆಗೆ, ಸುಮಾರು 240 ಕಿಲೋಮೀಟರ್ ಹರಿಯುವ ಮಿದಿ ಕಾಲುವೆಯನ್ನು. ಅದನ್ನು ಕಟ್ಟಿಸಿದ ಪಿಯೆರ್ ಪೋಲ್ ರಿಕೆ ಉಪ್ಪಿನ ತೆರಿಗೆ ವಸೂಲಿಯ ಅಧಿಕಾರಿ. ಕಾಲುವೆ 1681ರಲ್ಲಿ ಸಂಚಾರಕ್ಕೆ ತೆರೆದುಕೊಳ್ಳುವ ಕೆಲವೇ ತಿಂಗಳ ಮೊದಲು ಆತ ತೀರಿಕೊಂಡ. ದೋಣಿಗಳನ್ನು ಏರಿಸಿ ಇಳಿಸುವ ಗೇಟಿನ ತೊಟ್ಟಿಗಳ ಗೋಡೆಗಳು ಅಲ್ಲಿ ನೇರವಾಗಿಲ್ಲ, ಮೊಟ್ಟೆಯಾಕಾರದಲ್ಲಿ ಹೊರಕ್ಕೆ ಬಾಗಿವೆ. ನೇರ ಗೋಡೆ ಮಣ್ಣಿನ ಒತ್ತಡ ತಾಳದೆ ಕುಸಿದ ಮೇಲೆ ಹೀಗೆ ಕಟ್ಟಿದರಂತೆ. ಆ ಕಲ್ಲಿನ ಬಾಗನ್ನು ಕೈಯಿಂದ ಮುಟ್ಟಿ ನೋಡುತ್ತಾ ನಾನು ಬಹಳ ಹೊತ್ತು ನಿಂತಿದ್ದೆ. ಮಳೆಗಾಲದಲ್ಲಿ ನಾಲೆಯ ಲೈನಿಂಗ್, ಅಂದರೆ ಒಳಬದಿಯ ಹೊದಿಕೆ, ಒಳಕ್ಕೆ ಕುಸಿಯುವುದನ್ನು ಕಂಡವನಿಗೆ ಅದರ ಬೆಲೆ ತಿಳಿಯುತ್ತದೆ.

ಹಿಂದೆ ಕುದುರೆಗಳು ದಡದ ಮೇಲೆ ನಡೆಯುತ್ತಾ ಹಗ್ಗ ಕಟ್ಟಿ ದೋಣಿ ಎಳೆಯುತ್ತಿದ್ದವು. ಅವು ನಡೆದ ಆ ದಾರಿಯೇ ಇಂದು ಸೈಕಲ್ಲಿನ ದಾರಿ. ತುಲೂಜಿನಿಂದ ಆ ಜಿಲ್ಲೆಯ ಗಡಿಯವರೆಗೆ ಡಾಂಬರು ಹಾಕಿದ್ದಾರೆ. ಮುಂದೆ ಬಹಳ ಕಡೆ ಮಣ್ಣಿನ ಹಾದಿ, ಮರದ ಬೇರುಗಳು ಎದ್ದಿರುತ್ತವೆ, ಸೀಟಿನ ಮೇಲೆ ಕುಲುಕಾಟ ಇದ್ದದ್ದೇ. ದಾರಿಯುದ್ದಕ್ಕೂ ಪ್ಲೇನ್ ಎಂಬ ಜಾತಿಯ ಮರಗಳ ಸಾಲು. 2006ರಲ್ಲಿ ಈ ಮರಗಳಿಗೆ ಶಿಲೀಂಧ್ರ ರೋಗ ತಗುಲಿದ್ದು ಪತ್ತೆಯಾದ ಮೇಲೆ ಸಾವಿರಾರು ಮರಗಳನ್ನು ಕಡಿದು, ಬೇರೆ ಜಾತಿಯ ಸಸಿಗಳನ್ನು ನೆಡುತ್ತಿದ್ದಾರೆ. ಬೋಳು ದಡದಲ್ಲಿ ಕೋಲು ಕಟ್ಟಿ ನಿಲ್ಲಿಸಿದ ಸಸಿಗಳನ್ನು ನೋಡಿ, ನಮ್ಮ ಏರಿಗಳ ಮೇಲೆ ನೆರಳಿಗೊಂದು ಹೊಂಗೆಯನ್ನಾದರೂ ಸಾಲಾಗಿ ನೆಡಬಹುದಿತ್ತಲ್ಲ ಅನ್ನಿಸಿತು.

ನನಗೆ ಅತಿ ಹತ್ತಿರವೆನಿಸಿದ್ದು ಆ ದೊಡ್ಡ ಕಾಲುವೆಯಲ್ಲ, ಅದಕ್ಕೆ ನೀರುಣಿಸುವ ಚಿಕ್ಕ ನಾಲೆ. ಮೊಂತಾನ್ ನ್ವಾರ್ ಬೆಟ್ಟಸಾಲಿನ ತೊರೆಗಳ ನೀರನ್ನು ನೊರೂಜ್ ಎಂಬಲ್ಲಿಗೆ ಅದು ತರುತ್ತದೆ. ಅಲ್ಲಿಂದ ನೀರು ಇಬ್ಭಾಗವಾಗಿ ಒಂದು ಪಾಲು ಅಟ್ಲಾಂಟಿಕ್ ಕಡೆಗೆ, ಇನ್ನೊಂದು ಮೆಡಿಟರೇನಿಯನ್ ಕಡೆಗೆ. ಈ ಚಿಕ್ಕ ನಾಲೆಯ ಅಗಲ ನಮ್ಮ ವಿತರಣಾ ನಾಲೆಯಷ್ಟೇ. ದಡದ ಹಾದಿಯಲ್ಲಿ ಸಂಸಾರಸಮೇತ ಸೈಕಲ್ ಹೊಡೆಯುತ್ತಾರೆ, ಅಜ್ಜಂದಿರು ನಾಯಿಯೊಡನೆ ನಡೆಯುತ್ತಾರೆ. ನೀರು ಹರಿಸುವ ಕೆಲಸಕ್ಕೂ ಇದರಿಂದ ಅಡ್ಡಿಯಾಗಿಲ್ಲ. ಹೆಚ್ಚು ಜನ ನೋಡುವ ದಡದಲ್ಲಿ ಸೋರಿಕೆಯೂ ಬೇಗ ಕಣ್ಣಿಗೆ ಬೀಳುತ್ತದೆ ಎಂಬುದು ನನ್ನ ಅನುಭವದ ಮಾತು.

ಇದೆಲ್ಲ ಶ್ರೀಮಂತ ದೇಶದ ಶೋಕಿ ಎನ್ನುವವರಿಗೆ ಒಂದು ಸಂಗತಿ ಹೇಳಬೇಕು. ಆ ದೇಶದಲ್ಲಿ 19ನೇ ಶತಮಾನದಲ್ಲಿ ಹಳ್ಳಿಹಳ್ಳಿಗೂ ರೈಲು ಹಾಕಿದರು. ಬಸ್ಸು, ಕಾರು ಬಂದ ಮೇಲೆ ಅನೇಕ ಮಾರ್ಗಗಳು ಮುಚ್ಚಿದವು, ಹಳಿ ಕಿತ್ತರು, ಮುಳ್ಳು ಬೆಳೆಯಿತು. ಬರ್ಗಂಡಿ ಪ್ರಾಂತ್ಯದ ಸೋನ್-ಎ-ಲ್ವಾರ್ ಜಿಲ್ಲೆಯವರು ಅಂಥದ್ದೊಂದು ಪಾಳುಬಿದ್ದ ಮಾರ್ಗವನ್ನು, ಜಿವ್ರಿಯಿಂದ ಕ್ಲೂನಿಯವರೆಗೆ ಸುಮಾರು 44 ಕಿಲೋಮೀಟರನ್ನು, 1997ರಲ್ಲಿ ಸೈಕಲ್ ಮತ್ತು ಕಾಲ್ನಡಿಗೆಗೆ ತೆರೆದರು. ಇಂಥ ಹಾದಿಗಳಿಗೆ ಅಲ್ಲಿ 'ಹಸಿರು ದಾರಿ' ಎಂದು ಹೆಸರು. ಆ ದೇಶದ ಮೊದಲ ಹಸಿರು ದಾರಿ ಅದು. 2004ರಲ್ಲಿ ಸರ್ಕಾರ ಇವುಗಳನ್ನು ಸಂಚಾರ ನಿಯಮಾವಳಿಗೇ ಸೇರಿಸಿತು. ನಡೆಯುವವರು ಮತ್ತು ಮೋಟಾರಿಲ್ಲದ ವಾಹನಗಳಿಗೆ ಮಾತ್ರ ಮೀಸಲು ಎಂಬ ನೀಲಿ ಫಲಕ ಕಂಡರೆ ಕಾರಿಗೆ ಅಲ್ಲಿ ಪ್ರವೇಶವಿಲ್ಲ.

ಅಳಿಯನ ರಜೆಯಲ್ಲಿ ನಾವೆಲ್ಲ ಆ ಕಡೆಗೂ ಹೋಗಿ ಬಾಡಿಗೆ ಸೈಕಲ್ ಹಿಡಿದೆವು. ಎರಡೂ ಪಕ್ಕದಲ್ಲಿ ದ್ರಾಕ್ಷಿತೋಟ, ಹುಲ್ಲುಗಾವಲಿನಲ್ಲಿ ಬಿಳಿಯ ದನಗಳು, ನಡುನಡುವೆ ಹಳೆಯ ಸ್ಟೇಷನ್ ಕಟ್ಟಡಗಳು. ವಾಹನ ರಸ್ತೆ ಅಡ್ಡ ಬರುವಲ್ಲಿ ಗೇಟು ಹಾಕಿ ಸೈಕಲ್ ತೂರುವಷ್ಟು ಸಂದು ಬಿಟ್ಟಿದ್ದಾರೆ. ಇಷ್ಟೇ ವ್ಯವಸ್ಥೆ. ಹಾರನ್ನಿನ ಸದ್ದಿಲ್ಲದ ಆ ಹಾದಿಯಲ್ಲಿ ನನ್ನ ಹೆಂಡತಿ, ಮದುವೆಯಾದಂದಿನಿಂದ ಸೈಕಲ್ ಮುಟ್ಟದವಳು, ನಮ್ಮೆಲ್ಲರಿಗಿಂತ ಮುಂದೆ ಹೋದಳು.

ಕ್ಲೂನಿಯಿಂದ ದಕ್ಷಿಣಕ್ಕೆ ಈ ದಾರಿ ಬ್ವಾ ಕ್ಲೇರ್ ಎಂಬ ಸುರಂಗದೊಳಗೆ ಹೋಗುತ್ತದೆ, 1.6 ಕಿಲೋಮೀಟರ್ ಉದ್ದ. ಚಳಿಗಾಲದಲ್ಲಿ ಅದನ್ನು ಮುಚ್ಚುತ್ತಾರೆ, ಯಾಕೆಂದರೆ ಬಾವಲಿಗಳು ಅದರೊಳಗೆ ಶೀತನಿದ್ರೆ ಮಾಡುತ್ತವೆ. ಆ ತಿಂಗಳುಗಳಲ್ಲಿ ಸೈಕಲ್ಲಿನವರು ಗುಡ್ಡ ಹತ್ತಿ ಬಳಸಿ ಹೋಗಬೇಕು. ಇದನ್ನು ವಿವರವಾಗಿ ಬರೆಯಲು ಕಾರಣವಿದೆ. ಏರಿಯ ಮಾತೆತ್ತಿದೊಡನೆ ನಮ್ಮಲ್ಲಿ ಬರುವ ಮೊದಲ ಪ್ರಶ್ನೆ, 'ಆನೆ ಬಂದರೆ?' ನ್ಯಾಯವಾದ ಪ್ರಶ್ನೆಯೇ. ಕಾಡಿನಂಚಿನಲ್ಲಿ ಹೋಗುವ ನಾಲೆಯ ಭಾಗವನ್ನು ಯಾರಿಗೂ ತೆರೆಯಬಾರದು, ಅದು ಆನೆಯ ದಾರಿ. ನಾನು ಕೇಳುತ್ತಿರುವುದು ಗದ್ದೆ ಬಯಲಿನ ಭಾಗವನ್ನು, ಅದೂ ಹಗಲಿನಲ್ಲಿ ಮಾತ್ರ. ಕಾರ್ತಿಕದ ಹೊತ್ತಿಗೆ ಭತ್ತ ಹಾಲುಗಟ್ಟಿದಾಗ ಆನೆಗಳು ಗದ್ದೆಗೂ ಇಳಿಯುತ್ತವೆ. ಆಗ ಅರಣ್ಯ ಸಿಬ್ಬಂದಿ ಹೇಳಿದಷ್ಟು ದಿನ ಗೇಟು ಮುಚ್ಚಿದರಾಯಿತು. ಬಾವಲಿಗಾಗಿ ಅವರು ಸುರಂಗ ಮುಚ್ಚುವುದಾದರೆ ಆನೆಗಾಗಿ ನಾವು ಒಂದು ಗೇಟು ಹಾಕಿಕೊಳ್ಳಲಾರೆವೇ?

ಕೊಡಗಿಗೆ ರೈಲೇ ಬಂದಿಲ್ಲ, ಕಿತ್ತುಹಾಕಿದ ಹಳಿಯ ದಾರಿ ನಮಗಿಲ್ಲ. ನಾಲೆ ಇದೆ. ಹಾರಂಗಿಯ ನೀರು ಹೆಚ್ಚಾಗಿ ಮೈಸೂರು, ಹಾಸನ ಜಿಲ್ಲೆಗಳ ಅಚ್ಚುಕಟ್ಟಿಗೆ ಹೋಗುತ್ತದೆ, ಏರಿಯ ಒಂದು ಭಾಗವಾದರೂ ಇಲ್ಲಿನವರ ಉಪಯೋಗಕ್ಕೆ ಬರಲಿ. ಹೊಸದಾಗಿ ಭೂಮಿ ಕೊಳ್ಳುವುದು ಬೇಕಿಲ್ಲ, ಒಂದು ಮರ ಕಡಿಯುವುದೂ ಬೇಕಿಲ್ಲ. ಡಾಂಬರು ಮಾತ್ರ ಖಂಡಿತ ಬೇಡ. ಡಾಂಬರು ಬಿದ್ದ ಮರುದಿನವೇ ಏರಿಯ ಮೇಲೆ ಟಿಪ್ಪರ್ ಓಡುತ್ತದೆ. ಭಾರದ ಗಾಡಿ ಓಡಿದಲ್ಲಿ ಏರಿ ಕುಸಿದು ಲೈನಿಂಗ್ ಬಿರುಕು ಬಿಟ್ಟದ್ದನ್ನು ನಾನೇ ವರದಿ ಬರೆದು ಬರೆದು ಸಾಕಾಗಿದ್ದೇನೆ. ಗ್ರಾವೆಲ್ ಹಾಕಿ ರೋಲರ್ ಹೊಡೆದರೆ ಸಾಕು. ನೀರಿನ ಬದಿಗೆ, ಆಳವಿರುವ ಕಡೆ, ಗಟ್ಟಿಯಾದ ತಡೆ ಇರಲೇಬೇಕು. ಇಲಾಖೆಯ ಜೀಪು ಹೋಗಬೇಕಾದಾಗ ತೆರೆಯಲು ಗೇಟಿಗೆ ಬೀಗ ಇರಲಿ.

ಪ್ರವಾಸಿಗರಿಗಿಂತ ಮೊದಲು ನನ್ನ ಕಣ್ಣ ಮುಂದೆ ಬರುವುದು ಶಾಲೆಯ ಮಕ್ಕಳು. 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡತೊಡಗಿದಾಗ ಹುಡುಗಿಯರ ಗುಂಪು ಏರಿಯ ಮೇಲೆ ಬ್ಯಾಗ್ ಹೇರಿಕೊಂಡು ಸಾಲಾಗಿ ಹೋಗುತ್ತಿತ್ತು, ಒಬ್ಬಳ ಚೈನು ಕಳಚಿದರೆ ಎಲ್ಲರೂ ಇಳಿದು ಕಾಯುತ್ತಿದ್ದರು. ಮುಖ್ಯರಸ್ತೆಯಲ್ಲಿ ಈಗ ಭಾನುವಾರ ಮೈಸೂರು ಕಡೆಗೆ ಹಿಂತಿರುಗುವ ಕಾರುಗಳ ನಡುವೆ ಯಾವ ತಾಯಿ ಮಗುವನ್ನು ಸೈಕಲ್ ಹತ್ತಲು ಬಿಟ್ಟಾಳು?

ಪ್ರವಾಸೋದ್ಯಮದ ಲೆಕ್ಕವನ್ನೂ ಒಂದು ಮಾತಿನಲ್ಲಿ ಹೇಳುತ್ತೇನೆ. ಫ್ರಾನ್ಸಿನಲ್ಲಿ ಸೈಕಲ್ ಮಾರ್ಗದಿಂದ 5 ಕಿಲೋಮೀಟರ್ ಒಳಗಿರುವ ವಸತಿಗೃಹಗಳಿಗೆ, ಸೈಕಲ್ ಇಡಲು ಭದ್ರ ಜಾಗ, ರಿಪೇರಿ ಸಲಕರಣೆ ಇಟ್ಟುಕೊಂಡರೆ, ಒಂದು ಗುರುತಿನ ಫಲಕ ಕೊಡುತ್ತಾರೆ. ಸೈಕಲ್ಲಿನಲ್ಲಿ ಬಂದವನು ನಿಧಾನವಾಗಿ ಹೋಗುತ್ತಾನೆ, ಹಳ್ಳಿಯ ಹೋಟೆಲಿನಲ್ಲಿ ಉಣ್ಣುತ್ತಾನೆ, ರಾತ್ರಿ ಅಲ್ಲೇ ಉಳಿಯುತ್ತಾನೆ. ನಮ್ಮ ಹೋಂಸ್ಟೇಗಳವರು ಇದನ್ನು ಯೋಚಿಸಬಹುದು.

ಜಿಲ್ಲಾಡಳಿತವೂ ನೀರಾವರಿ ಅಧಿಕಾರಿಗಳೂ ಈ ಬೇಸಿಗೆಯಲ್ಲಿ, ನಾಲೆಗೆ ನೀರು ಬಿಡುವ ಮೊದಲು, ಒಮ್ಮೆ ಸ್ಥಳ ಪರಿಶೀಲನೆ ಮಾಡಬೇಕೆಂದು ಕೋರುತ್ತೇನೆ. ಎಲ್ಲಿ ಏರಿ ಅಗಲವಿದೆ, ಎಲ್ಲಿ ಮೋರಿ ದುರಸ್ತಿಯಾಗಬೇಕು, ಗೇಟು ಯಾವ ತೂಬಿನ ಪಕ್ಕ ನಿಂತರೆ ರೈತರ ಎತ್ತಿನ ಗಾಡಿಗೆ ತೊಂದರೆಯಾಗದು ಎಂಬುದನ್ನು ತೋರಿಸಲು ನಾನು ಜೊತೆಗೆ ಬರುತ್ತೇನೆ. ಗದ್ದೆಯವರನ್ನೂ ಅಂದೇ ಅಲ್ಲಿಗೆ ಕರೆದು ಕೇಳಬೇಕು.

ಇಂತಿ,
ನಿವೃತ್ತ ನಾಲಾ ಕಾರ್ಯ ನಿರೀಕ್ಷಕ,
ಕುಶಾಲನಗರ, ಕೊಡಗು ಜಿಲ್ಲೆ