ಗಟಾರ ಸರಿಯಾಯಿತು, ನಳ ಕೆಟ್ಟಿತು

ಇವರಿಗೆ,
ವ್ಯವಸ್ಥಾಪಕರು,
ಗಟಾರ ದುರಸ್ತಿಯ ಗುತ್ತಿಗೆ ಕಂಪನಿ, ಮುಂಬೈ

ವಿಷಯ: ಸಾಂತಾಕ್ರೂಜ್ ಪೂರ್ವದ ನಮ್ಮ ಚಾಳಿನ ನಳದಲ್ಲಿ ಗಟಾರದ ನೀರು

ಮಾನ್ಯರೇ,

ನಿಮ್ಮ ಸೂಪರ್‌ವೈಸರ್ ನಮ್ಮ ವಿಜಯಪುರದ ಕಡೆಯವರು. "ಕನ್ನಡದಾಗ ಬರ್ದು ಕೊಡ್ರಿ, ನಾ ಮ್ಯಾಲೆ ಮುಟ್ಟಸ್ತೀನಿ" ಅಂದರು. ಅದಕ್ಕೇ ಈ ಪತ್ರ. ಮರಾಠಿ ಪ್ರತಿಯೂ ಜೊತೆಗಿದೆ.

ಮೇ ಕೊನೆಗೆ ನಿಮ್ಮವರು ಗಲ್ಲಿ ಅಗೆದು ಒಡೆದ ಗಟಾರದ ಪೈಪು ಬದಲಿಸಿದರು. ಸುಳ್ಳು ಹೇಳಬಾರದು, ಈ ಮಳೆಗಾಲದಲ್ಲಿ ಚೇಂಬರ್ ಒಮ್ಮೆಯೂ ಉಕ್ಕಿಲ್ಲ. ಆದರೆ ಅಗೆಯುವಾಗ ಪಿಕಾಸಿ ಪೆಟ್ಟು ಕುಡಿಯುವ ನೀರಿನ ಪೈಪಿಗೂ ಬಿತ್ತು. ಅದಕ್ಕೆ ಸೈಕಲ್ ಟ್ಯೂಬ್ ಸುತ್ತಿ, ತಂತಿ ಬಿಗಿದು, ಮಣ್ಣು ಮುಚ್ಚಿದರು. ನಾನು ಅಲ್ಲೇ ನಿಂತಿದ್ದೆ. "ಇದು ನಿಲ್ಲುತ್ತಾ?" ಅಂತ ಕೇಳಿದೆ. "ವರ್ಷ ಪೂರ್ತಿ ನಿಲ್ಲುತ್ತೆ ಮೌಶಿ" ಅಂದ ಹುಡುಗ. ಹದಿನೈದು ದಿನ ನಿಲ್ಲಲಿಲ್ಲ.

ಈಗ ಬೆಳಿಗ್ಗೆ 4:40ಕ್ಕೆ ನಳ ಬಂದರೆ ಮೊದಲು ಸುಸ್ ಅಂತ ಗಾಳಿ. ಆಮೇಲೆ ಬೂದು ಬಣ್ಣದ ನೀರು, ಮೇಲೆ ಸೋಪಿನ ನೊರೆ. ನಾಲ್ಕು ಬಿಂದಿಗೆ ಚೆಲ್ಲಿದ ಮೇಲೆ ಬಣ್ಣ ತಿಳಿಯಾಗುತ್ತದೆ, ವಾಸನೆ ಮಾತ್ರ ಹೋಗುವುದಿಲ್ಲ. ನೀರು ಬರುವುದೇ ಒಂದೂವರೆ ತಾಸು. ಅದರಲ್ಲಿ ಚೆಲ್ಲುವುದೆಷ್ಟು, ತುಂಬುವುದೆಷ್ಟು?

ಕಾರಣ ನಿಮಗೆ ನಾನು ಹೇಳಬೇಕಾ? ಮನೆಗಳಿಂದ ಚೇಂಬರಿಗೆ ಬರುವ ಪೈಪುಗಳ ಸಂದಿಗೆ ನಿಮ್ಮವರು ಸಿಮೆಂಟು ಹಾಕಿಲ್ಲ. ಸೋರಿದ್ದೆಲ್ಲ ಆ ಟ್ಯೂಬಿನ ಸುತ್ತ ನಿಲ್ಲುತ್ತದೆ. ನಳ ಹೋದ ಮೇಲೆ ಪೈಪಿನಲ್ಲಿ ಒತ್ತಡ ಇರುವುದಿಲ್ಲ, ಹೊರಗಿನ ಕೊಳೆ ಒಳಗೆ ಸೇರುತ್ತದೆ. ಮರುದಿನ ಅದೇ ಮೊದಲ ಬಿಂದಿಗೆಗೆ ಬರುತ್ತದೆ. ತಾನ್ಸಾ, ಭಾತ್ಸಾ, ವೈತರಣಾದಂಥ ಜಲಾಶಯಗಳಿಂದ ಅಷ್ಟು ದೂರ ಬಂದು, ಶುದ್ಧವಾಗಿ, ಕ್ಲೋರಿನ್ ಹಾಕಿಸಿಕೊಂಡ ನೀರು ನಮ್ಮ ಬಾಗಿಲಿಗೆ 20 ಅಡಿ ಇರುವಾಗ ಕೆಡುತ್ತಿದೆ!

ಪಕ್ಕದ ಮನೆಯ ಟೀಚರ್ ನೀರು ಪರೀಕ್ಷೆಯ ಬಾಟಲಿ ಎರಡು ತಂದರು, ಒಳಗೆ ಹೈಡ್ರೋಜನ್ ಸಲ್ಫೈಡ್ ಪತ್ತೆ ಹಚ್ಚುವ ಪಟ್ಟಿ ಇರುವಂಥದ್ದು. ಕಪ್ಪಾದರೆ ನೀರಿಗೆ ಗಟಾರದ ಕ್ರಿಮಿ ಸೇರಿರಬಹುದು ಅಂತ ಅರ್ಥ. ಒಂದಕ್ಕೆ ನಮ್ಮ ನೀರು, ಇನ್ನೊಂದಕ್ಕೆ ಹಿಂದಿನ ಗಲ್ಲಿಯದು. ಮರುದಿನ ನಮ್ಮದು ಇದ್ದಿಲಿನ ಹಾಗೆ ಕಪ್ಪು. ಅವರದ್ದು ಹಾಗೇ ಇತ್ತು. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ 100 ಮಿಲಿಯಲ್ಲಿ ಇ-ಕೋಲಿ, ಅಂದರೆ ಮಲದಿಂದ ಬರುವ ಕ್ರಿಮಿ, ಒಂದೂ ಕಾಣಬಾರದು. ನಮ್ಮ ಚಾಳಿನಲ್ಲಿ ಜೂನ್‌ನಿಂದ ಒಂಬತ್ತು ಮಕ್ಕಳಿಗೆ ಭೇದಿ ಆಗಿದೆ. ಎರಡೂ ಬಾಟಲಿ ಇಟ್ಟಿದ್ದೇನೆ, ಬಂದು ನೋಡಿ.

ಎರಡು ಸಲ ಫೋನ್ ಮಾಡಿ ದೂರು ಕೊಟ್ಟೆ. "ಕುದಿಸಿ ಕುಡೀರಿ" ಅಂದರು. ಕುದಿಸಿದರೆ ಕ್ರಿಮಿ ಸಾಯುತ್ತದೆ, ಸೋಪು ಎಲ್ಲಿಗೆ ಹೋಗುತ್ತದೆ? ಗ್ಯಾಸಿನ ದುಡ್ಡು ನೀವು ಕೊಡ್ತೀರಾ? ಆಮೇಲೆ "ದೂರು ಪರಿಹಾರವಾಗಿದೆ" ಅಂತ ಮೆಸೇಜ್ ಬಂತು, ಜೊತೆಗೊಂದು ಫೋಟೋ. ಚೇಂಬರಿನ ಮುಚ್ಚಳಕ್ಕೆ ಹಳದಿ ಬಣ್ಣ ಬಳಿದಿದ್ದರು. ಚೆನ್ನಾಗಿ ಕಾಣ್ತಿತ್ತು.

ಟ್ಯೂಬ್ ಬಿಚ್ಚಿ, ಆ ತುಂಡು ಪೈಪು ತೆಗೆದು ಹೊಸದು ಹಾಕಿ. ಆದಷ್ಟು ಗಟಾರದಿಂದ ದೂರ, ಅದಕ್ಕಿಂತ ಮೇಲೆ ಹಾಯಿಸಿ. ಸಂದುಗಳಿಗೆ ಸಿಮೆಂಟು ಹಾಕಿಸಿ. ಮುಗಿಯುವವರೆಗೆ ದಿನಾ ಟ್ಯಾಂಕರ್ ಕಳಿಸಿ. ಇನ್ನೊಂದು ಮಾತು: ಹೋದ ಸಲ ಒಬ್ಬ ಹುಡುಗನನ್ನು ಸೊಂಟಕ್ಕೆ ಹಗ್ಗ ಕಟ್ಟಿ ಚೇಂಬರಿಗೆ ಇಳಿಸಿದರು, ಮಾಸ್ಕ್ ಇಲ್ಲ, ಬೂಟಿಲ್ಲ. ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾನೂನು ಇದನ್ನು ಒಪ್ಪುವುದಿಲ್ಲ. ಮತ್ತೆ ಹಾಗೆ ಇಳಿಸಿದರೆ ನಾವೇ ಕೆಲಸ ನಿಲ್ಲಿಸುತ್ತೇವೆ.

ನೋಡಲು ಬರುವವರು ಹಗಲು ಬರಬೇಡಿ, ಆಗ ನಳ ಒಣಗಿರುತ್ತದೆ. 4:40ಕ್ಕೆ ಬನ್ನಿ. ಮೊದಲ ಬಿಂದಿಗೆ ನಿಮಗೇ ಹಿಡಿದಿಡುತ್ತೇನೆ.

ಇಂತಿ,
ಚಾಳಿನ 42 ಮನೆಗಳ ಪರವಾಗಿ,
ಕೋಣೆ ನಂಬರ್ 11ರವಳು