ಸರದಿಯ ಆಟದಲ್ಲಿ ಕಥೆ ಇರುವುದು ಹೊಡೆದಾಟದ ಒಳಗೇ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಸರದಿ ಪ್ರಕಾರ ಕಾದಾಡುವ ವಿಡಿಯೊ ಗೇಮ್‌ಗಳ ಕುರಿತು ಒಂದು ಬರಹ ಬಂದಿತ್ತು. ಕನ್ನಡ ಪತ್ರಿಕೆಯೊಂದು ಈ ವಿಷಯಕ್ಕೆ ಅರ್ಧ ಪುಟ ಕೊಟ್ಟದ್ದು ಸಂತೋಷ. ಆದರೆ 'ಫೈನಲ್ ಫ್ಯಾಂಟಸಿ 10' ಆಟವನ್ನು ಉದಾಹರಣೆಯಾಗಿ ಇಟ್ಟುಕೊಂಡು ಅಲ್ಲಿ ಹೇಳಿದ ಎರಡು ಮಾತುಗಳನ್ನು ಹಾಗೇ ಬಿಡುವಂತಿಲ್ಲ. ಇಂಥ ಆಟಗಳಲ್ಲಿ ಕಥೆ ನಡೆಯುವುದು ನಡುನಡುವೆ ಬರುವ ಸಿನಿಮಾದಂಥ ದೃಶ್ಯಗಳಲ್ಲಿ, ಹೊಡೆದಾಟವೇನಿದ್ದರೂ ಒಂದು ದೃಶ್ಯದಿಂದ ಇನ್ನೊಂದಕ್ಕೆ ಹೋಗಲು ಕಟ್ಟಬೇಕಾದ ಸುಂಕ ಎಂಬುದು ಮೊದಲನೆಯದು. ಎಲ್ಲಾದರೂ ಸಿಕ್ಕಿಬಿದ್ದರೆ ಹಿಂದಕ್ಕೆ ಹೋಗಿ ಸಣ್ಣಪುಟ್ಟ ಶತ್ರುಗಳನ್ನು ಬಡಿದು ಬಲ ಏರಿಸಿಕೊಂಡು ಬಂದರೆ ಸಾಕು ಎಂಬುದು ಎರಡನೆಯದು. ಬೇರೆ ಆಟಗಳ ಮಟ್ಟಿಗೆ ಇದು ಇರಬಹುದೇನೋ. ಆಯ್ದುಕೊಂಡ ಉದಾಹರಣೆಗೆ ಮಾತ್ರ ಎರಡೂ ಸಲ್ಲುವುದಿಲ್ಲ. (ಮುಂದೆ ಕಥೆಯ ಗುಟ್ಟು ಬಿಟ್ಟುಕೊಡುತ್ತಿದ್ದೇನೆ. 2001ರ ಆಟ, ಕ್ಷಮೆಯಿರಲಿ.)

ಮೊದಲು ಸರದಿಯ ವಿಚಾರ. ಈ ಸರಣಿಯಲ್ಲಿ 1991ರ ನಾಲ್ಕನೆಯ ಆಟದಿಂದ 2000ದ ಒಂಬತ್ತನೆಯದರವರೆಗೆ ಇದ್ದದ್ದು ಓಡುವ ಗಡಿಯಾರದ ಪದ್ಧತಿ. ಪಾತ್ರದ ಸರದಿ ಬಂತೆಂದು ತೋರಿಸುವ ಸೂಚಕ ತುಂಬುತ್ತಿದ್ದಂತೆ ಗುಂಡಿ ಒತ್ತಬೇಕು, ಯೋಚಿಸುತ್ತ ಕೂತರೆ ಶತ್ರು ಹೊಡೆದುಬಿಡುತ್ತದೆ. ಹತ್ತನೆಯ ಆಟ ಅದನ್ನು ಕೈಬಿಟ್ಟಿತು. ಇಲ್ಲಿ ನೀವು ಆಜ್ಞೆ ಕೊಡುವವರೆಗೆ ಯಾರೂ ಅಲುಗುವುದಿಲ್ಲ, ಪರದೆಯ ಬಲಗಡೆ ಮುಂದಿನ ಸರದಿಗಳ ಪಟ್ಟಿ ಕಾಣುತ್ತಿರುತ್ತದೆ. ಮುಖ್ಯವಾದ ಮಾತೆಂದರೆ ಈ ಪಟ್ಟಿ ಸ್ಥಿರವಲ್ಲ. ಪ್ರತಿ ಕೆಲಸಕ್ಕೂ ಒಂದು ತೂಕವಿದೆ. ಔಷಧ ಬಳಸಿದರೆ ನಿಮ್ಮ ಮುಂದಿನ ಸರದಿ ಬೇಗ ಬರುತ್ತದೆ, ಕತ್ತಿ ಬೀಸಿದರೆ ಸ್ವಲ್ಪ ತಡವಾಗುತ್ತದೆ, ಎದುರಾಳಿಯನ್ನು ಹಿಂದಕ್ಕೆ ತಳ್ಳುವ 'ಡಿಲೇ ಅಟ್ಯಾಕ್' ಬಳಸಿದರೆ ನೀವೂ ಹೆಚ್ಚು ಹೊತ್ತು ಕಾಯಬೇಕು. ವೇಗ ಹೆಚ್ಚಿಸುವ 'ಹೇಸ್ಟ್' ಮಂತ್ರ ಹಾಕಿದರೆ ಕಾಯುವ ಹೊತ್ತು ಅರ್ಧಕ್ಕಿಳಿಯುತ್ತದೆ. ಆಜ್ಞೆಯ ಮೇಲೆ ಬೆರಳಿಟ್ಟೊಡನೆ ಬಲಗಡೆಯ ಪಟ್ಟಿ ಹೇಗೆ ಬದಲಾಗುವುದೆಂದು ಮೊದಲೇ ತೋರಿಸುತ್ತದೆ. ಚೌಕಾಬಾರದಲ್ಲಿ ಗರ ಬಿದ್ದ ಮೇಲಷ್ಟೇ ಲೆಕ್ಕಾಚಾರ, ಇಲ್ಲಿ ಗರ ಬೀಳುವ ಮೊದಲೇ ಲೆಕ್ಕ. ಹೊಸಬರು ಸೋಲುವುದು ಬಹಳ ಸಲ ಈ ಪಟ್ಟಿಯನ್ನು ನೋಡದೆ ಬರೀ ಏಟಿನ ಅಂಕಿಯನ್ನೇ ನೋಡುವುದರಿಂದ.

ಎರಡನೆಯ ವಿಶೇಷ, ಆಳುಗಳ ಅದಲುಬದಲು. ತಂಡದಲ್ಲಿ ಏಳು ಜನ, ಕಣದಲ್ಲಿ ಮೂವರು. ಸರದಿ ಬಂದವನನ್ನು ಹಿಂದಕ್ಕೆ ಕರೆದು ಇನ್ನೊಬ್ಬನನ್ನು ಇಳಿಸಿದರೆ, ಬಂದವನು ಅದೇ ಸರದಿಯಲ್ಲಿ ಕೆಲಸ ಮಾಡುತ್ತಾನೆ. ದಂಡವೇನೂ ಇಲ್ಲ. ಹಾಗಾಗಿ ಆಟ ಹೆಚ್ಚಿನವರಿಗೆ ಒಂದೊಂದು ಬೇಟೆ ಹಂಚಿದೆ. ಚುರುಕಾಗಿ ತಪ್ಪಿಸಿಕೊಳ್ಳುವ ತೋಳದಂಥವು ಟೀಡಸ್‌ಗೆ. ಹಾರುವ ಹಕ್ಕಿಗಳು ವಾಕಾಗೆ, ಏಕೆಂದರೆ ಅವನ ಆಯುಧ ಚೆಂಡು, ದೂರಕ್ಕೆ ಎಟುಕುತ್ತದೆ. ಗಟ್ಟಿ ಚಿಪ್ಪಿನವು ಔರಾನ್‌ಗೆ, ಅವನ ಕತ್ತಿಗೆ ಚಿಪ್ಪು ಸೀಳುವ ಗುಣವಿದೆ. ಕತ್ತಿಗೆ ಬಗ್ಗದ ಲೋಳೆಯಂಥವು ಲುಲುಗೆ, ಬೆಂಕಿಯದಕ್ಕೆ ಮಂಜು, ನೀರಿನದಕ್ಕೆ ಸಿಡಿಲು. ಯಂತ್ರಗಳು ರಿಕ್ಕುಗೆ, ಅವಳು 'ಸ್ಟೀಲ್' ಮಾಡಿದರೆ, ಅಂದರೆ ಕದ್ದರೆ, ಯಂತ್ರ ಕಳಚಿಬೀಳುತ್ತದೆ. ಕಾಳಗದಲ್ಲಿ ಒಂದು ಸರದಿಯಾದರೂ ಆಡಿ, ಕೊನೆಗೆ ಬಿದ್ದಿರದ ಎಲ್ಲರಿಗೂ ಅನುಭವದ ಅಂಕ ಪೂರ್ತಿ ಸಿಗುತ್ತದೆ, ಹಂಚಿಹೋಗುವುದಿಲ್ಲ. ಮೆಚ್ಚಿನ ಮೂವರನ್ನೇ ಆಡಿಸುತ್ತ ಉಳಿದವರನ್ನು ಬೆಂಚಿನಲ್ಲಿ ಕೂರಿಸುವವರು ಮುಂದೆ ಪರದಾಡುತ್ತಾರೆ. ಕೊನೆಯ ಶತ್ರುವನ್ನು ಕೊಲ್ಲುವ ಮುನ್ನ ಕೂತವರನ್ನು ಒಬ್ಬೊಬ್ಬರಾಗಿ ಇಳಿಸಿ ಬರೀ 'ಡಿಫೆಂಡ್' ಮಾಡಿಸಿದರೂ ಸಾಕು.

ಇದರಲ್ಲಿ ಕಥೆ ಎಲ್ಲಿದೆ ಎಂದು ಕೇಳಬಹುದು. ಇದು ಯೂನಾ ಎಂಬ ಹುಡುಗಿಯ ತೀರ್ಥಯಾತ್ರೆಯ ಕಥೆ. 'ಸಿನ್' ಎಂಬ ದೈತ್ಯ ಸ್ಪಿರಾ ಎಂಬ ಲೋಕದ ಊರುಗಳನ್ನು ಅಳಿಸುತ್ತ ಬಂದಿದೆ. ಏಯಾನ್ ಎಂದರೆ ಯೂನಾ ಕರೆದಾಗ ಬಂದು ಅವಳ ಪರ ಕಾದಾಡುವ ದೈವೀಜೀವಿ. ಯಾತ್ರೆ ಮುಗಿಸಿ 'ಅಂತಿಮ ಏಯಾನ್' ಪಡೆದು ಅದನ್ನು ಕೊಂದರೆ ಕೆಲವು ವರ್ಷ ನೆಮ್ಮದಿ, ಬೆಲೆ ಅವಳ ಪ್ರಾಣ. ಉಳಿದ ಆರು ಜನ ಕಾವಲಿನವರು. ಯಾರೊಬ್ಬರೂ ಎಲ್ಲ ಶತ್ರುವಿಗೂ ಸಾಲುವುದಿಲ್ಲ, ಗುಂಪಿದ್ದರೆ ಮಾತ್ರ ಯಾತ್ರೆ ಸಾಗುತ್ತದೆ ಎಂಬುದನ್ನು ಯಾವ ಪಾತ್ರವೂ ಬಾಯಿಬಿಟ್ಟು ಹೇಳಬೇಕಿಲ್ಲ. ಅದಲುಬದಲಿನ ಗುಂಡಿಯೇ ನೂರು ಸಲ ಹೇಳಿರುತ್ತದೆ.

ಇಷ್ಟಕ್ಕೇ ಆಗಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ಬರಹದಲ್ಲಿ "ಬಲ ಏರಿಸಿಕೊಂಡು ಬನ್ನಿ" ಎಂದು ಸಲಹೆ ಕೊಟ್ಟದ್ದು ಯಾತ್ರೆಯ ಕೊನೆಯಲ್ಲಿ ಅಂತಿಮ ಏಯಾನ್ ಕೊಡುವ ಯೂನಲೆಸ್ಕಾ ಜೊತೆಗಿನ ಕಾಳಗಕ್ಕೆ. ಇಡೀ ಆಟದಲ್ಲಿ ಕಥೆ ಮತ್ತು ಕಾಳಗದ ನಿಯಮ ಒಂದರೊಳಗೊಂದು ಹೆಣೆದುಕೊಂಡಿರುವ ಜಾಗವೇ ಅದು.

ಅದಕ್ಕೆ ತುಸು ಮೊದಲು ಗಗಝೆಟ್ ಬೆಟ್ಟದಲ್ಲಿ ಸೀಮೋರ್ ಫ್ಲಕ್ಸ್ ಎಂಬ ಶತ್ರು ಎದುರಾಗುತ್ತಾನೆ, ಅವನ ಪ್ರಾಣಾಂಕ (ಸಾಯುವ ಮೊದಲು ತಡೆಯಬಲ್ಲ ಏಟಿನ ಅಂಕಿ) 70,000. ಅವನ ಈಟಿ ತಾಗಿದವರು ಝಾಂಬಿ, ಅಂದರೆ ನಡೆದಾಡುವ ಹೆಣ, ಆಗುತ್ತಾರೆ. ಝಾಂಬಿಗೆ ಔಷಧ ಹಾಕಿದರೆ ಗಾಯ, ಜೀವ ತುಂಬುವ ಮಂತ್ರ ಹಾಕಿದರೆ ಸಾವು. ಅವನ ಜೊತೆಗಿರುವ ಇನ್ನೊಂದು ಜೀವಿ ಝಾಂಬಿಯಾದವನ ಮೇಲೆ ಸರಿಯಾಗಿ ಅದನ್ನೇ, ಅಂದರೆ 'ಫುಲ್ ಲೈಫ್' ಮಂತ್ರವನ್ನೇ, ಹಾಕುತ್ತದೆ. ಇಲ್ಲಿ ಆಟಗಾರ ಕಲಿಯುವುದೇನು? ಝಾಂಬಿ ಎಂದರೆ ಅಪಾಯ, ಕಂಡ ಕೂಡಲೇ 'ಹೋಲಿ ವಾಟರ್' ಚಿಮುಕಿಸಿ ತೊಳೆಯಬೇಕು. ಜಾಣರು ಝಾಂಬಿ ತಾಗದ ರಕ್ಷೆಯನ್ನೇ ಹೊಂದಿಸಿಕೊಳ್ಳುತ್ತಾರೆ. ಬೆಟ್ಟ ಇಳಿದರೆ ಪಾಳುಬಿದ್ದ ಝನಾರ್ಕಂಡ್ ನಗರ, ಯೂನಲೆಸ್ಕಾ ಇರುವುದು ಅಲ್ಲೇ. ಅಲ್ಲಿ ಈ ಪಾಠವೇ ಕೊರಳಿಗೆ ಉರುಳಾಗುತ್ತದೆ.

ಯೂನಲೆಸ್ಕಾಗೆ ಮೂರು ರೂಪ, ಪ್ರಾಣಾಂಕ ಕ್ರಮವಾಗಿ 24,000, 48,000, 60,000. ಮೊದಲ ರೂಪದಲ್ಲಿ ಪ್ರತಿ ಏಟಿಗೂ ತಕ್ಕ ತಿರುಗೇಟು ಬರುತ್ತದೆ. ಆಯುಧದಿಂದ ಹೊಡೆದವನಿಗೆ ಕುರುಡು, ಮಂತ್ರ ಹಾಕಿದವಳಿಗೆ ಮೂಕತನ, ವಿಶೇಷ ಕೌಶಲ ಬಳಸಿದವರಿಗೆ ನಿದ್ದೆ. ಯಾರಿಗೆ ಯಾವುದು ಮುಳುವೋ ಅದೇ. ಕಣ್ಣಿನ ಹನಿ, 'ಎಕೋ ಸ್ಕ್ರೀನ್', 'ರೆಮಿಡಿ' ಕೈಲಿದ್ದರೆ ಇದು ದಾಟುತ್ತದೆ.

ಎರಡನೆಯ ರೂಪ ತಾಳಿದೊಡನೆ ಅವಳ 'ಹೆಲ್‌ಬೈಟರ್' ಎಂಬ ಏಟು ಬಂದು ಮೂವರನ್ನೂ ಝಾಂಬಿ ಮಾಡುತ್ತದೆ. ಆಮೇಲೆ ಅವಳು ಹೊಡೆಯುವುದಕ್ಕಿಂತ ಹೆಚ್ಚಾಗಿ ವಾಸಿಮಾಡುವ ಮಂತ್ರ ಹಾಕುತ್ತಾಳೆ. ಝಾಂಬಿಗೆ ಅದೇ ಏಟು. ಗಗಝೆಟ್ಟಿನ ಅಭ್ಯಾಸದಂತೆ ಆಟಗಾರ ಮೂವರನ್ನೂ ತೊಳೆದು, ಪ್ರಾಣ ತುಂಬಿ, ನಿಟ್ಟುಸಿರು ಬಿಟ್ಟು, ಅವಳ ಕೊನೆಯ ಪ್ರಾಣಾಂಕವನ್ನು ಉಜ್ಜಿ ಮುಗಿಸುತ್ತಾನೆ. ಮೂರನೆಯ ರೂಪದಲ್ಲಿ 'ಮೆಗಾ ಡೆತ್' ಬೀಳುತ್ತದೆ. ಝಾಂಬಿಯಲ್ಲದವರೆಲ್ಲ ಒಂದೇ ಪೆಟ್ಟಿಗೆ ಸಾಯುತ್ತಾರೆ. ಕಣದಲ್ಲಿರುವ ಮೂವರೂ ಬಿದ್ದರೆ ಬೆಂಚಿನಲ್ಲಿ ನಾಲ್ವರು ಗಟ್ಟಿಯಾಗಿ ಕೂತಿದ್ದರೂ ಆಟ ಮುಗಿಯಿತು. ಮತ್ತೆ ಮೊದಲಿಂದ ಆ ಉದ್ದದ ಮಾತುಕತೆ ನೋಡಬೇಕು, ಹಾರಿಸಿ ಮುಂದೆ ಹೋಗಲು ಗುಂಡಿಯೇ ಇಲ್ಲ. (ಈ ಆಟದ ಮೇಲೆ ನನ್ನ ನಿಜವಾದ ತಕರಾರು ಇದೊಂದೇ.)

ಬಲ ಎಷ್ಟು ಏರಿಸಿಕೊಂಡಿದ್ದರೂ ಈ ಸಾವು ತಪ್ಪುವುದಿಲ್ಲ, ಏಕೆಂದರೆ 'ಮೆಗಾ ಡೆತ್' ಪ್ರಾಣಾಂಕವನ್ನು ಕೇಳುವುದೇ ಇಲ್ಲ. ಮಾಡಬೇಕಾದ್ದು ಹೀಗೆ. ಬೆಟ್ಟದಲ್ಲಿ ಹಾಕಿಕೊಂಡ ಝಾಂಬಿ ರಕ್ಷೆಯನ್ನು ಮೊದಲೇ ಬಿಚ್ಚಿಡಿ, ಇಲ್ಲಿ ಅದೇ ಕೊಲ್ಲುತ್ತದೆ. ಎರಡನೆಯ ರೂಪದ ಪ್ರಾಣಾಂಕ ತಳ ಮುಟ್ಟುವಾಗ ಕಣದಲ್ಲಿ ಕನಿಷ್ಠ ಒಬ್ಬ, ಸಾಧ್ಯವಾದರೆ ಇಬ್ಬರು, ಝಾಂಬಿಯಾಗಿಯೇ ಉಳಿದಿರಲಿ. 'ಮೆಗಾ ಡೆತ್' ಬಿದ್ದ ಮೇಲೆ ಅವರು ಬಿದ್ದವನನ್ನು 'ಫೀನಿಕ್ಸ್ ಡೌನ್' ಹಾಕಿ ಎಬ್ಬಿಸುತ್ತಾರೆ. ಝಾಂಬಿಯಾಗಿರುವವರ ಪ್ರಾಣ ಕರಗುತ್ತ ಬಂದರೆ ಅತಿ ಕಡಿಮೆ ಇರುವ ಒಬ್ಬನನ್ನು ಮಾತ್ರ ತೊಳೆದು, ಆಮೇಲೆ ಔಷಧ ಕೊಡಿ. ಕ್ರಮ ತಪ್ಪಿ ಔಷಧ ಮೊದಲಾದರೆ ನೀವೇ ಕೊಂದಂತೆ. ತೊಳೆದವನನ್ನು ಮುಂದಿನ 'ಹೆಲ್‌ಬೈಟರ್' ಮತ್ತೆ ಝಾಂಬಿ ಮಾಡಿಕೊಡುತ್ತದೆ, ಆ ಚಿಂತೆ ಬೇಡ. ಮೂವರನ್ನೂ ಒಟ್ಟಿಗೆ ತೊಳೆಯುವುದೊಂದೇ ಕ್ಷಮಿಸಲಾಗದ ತಪ್ಪು.

ಈಗ ಕಥೆಗೆ ಬನ್ನಿ. ಯೂನಲೆಸ್ಕಾ ಸತ್ತು ಸಾವಿರ ವರ್ಷವಾದರೂ ಹೋಗದೆ ಉಳಿದವಳು. ಅವಳು ಬಿಚ್ಚಿಡುವ ಸತ್ಯ ಇದು. ಅಂತಿಮ ಏಯಾನ್ ಆಗಬೇಕಾದವನು ಕಾವಲಿನವರಲ್ಲೇ ಒಬ್ಬ, ಸಿನ್ ಸತ್ತಮೇಲೆ ಅವನೇ ಮುಂದಿನ ಸಿನ್ ಆಗುತ್ತಾನೆ. ಯಾತ್ರೆ, ಬಲಿದಾನ, ನೆಮ್ಮದಿ ಎಲ್ಲ ಸುತ್ತು ಹೊಡೆಯುವ ಚಕ್ರ. ಯೂನಾ ಒಲ್ಲೆ ಎಂದಾಗ ಅವಳು ಕೋಪದಿಂದಲ್ಲ, ಕರುಣೆಯಿಂದ ಕೊಲ್ಲಲು ಹೊರಡುತ್ತಾಳೆ. ಭರವಸೆ ಕಳೆದುಕೊಂಡು ಬದುಕುವುದಕ್ಕಿಂತ ಭರವಸೆಯಿರುವಾಗಲೇ ಸಾಯುವುದು ಮೇಲು ಎಂಬುದು ಅವಳ ವಾದ. ಕಾಳಗದ ನಿಯಮವನ್ನು ಈ ವಾದದ ಪಕ್ಕ ಇಟ್ಟು ನೋಡಿ. ಅವಳ ಆಯುಧವೇ ವಾಸಿಮಾಡುವ ಮಂತ್ರ. ಅವಳ ಸಾಂತ್ವನ ತಾಗಿದರೆ ಪ್ರಾಣ ಹೋಗುತ್ತದೆ. ಮೈ ತೊಳೆದು ಶುದ್ಧವಾಗಿ ನಿಂತವರು ಅವಳ ಕರುಣೆಗೆ ಮೊದಲು ಬೀಳುತ್ತಾರೆ, ನೋವನ್ನು ಮೈಮೇಲೆ ಉಳಿಸಿಕೊಂಡವರು ನಿಲ್ಲುತ್ತಾರೆ. ಕಾಳಗಕ್ಕೆ ಮುಂಚೆ ಸತ್ತು ಬಿಡುಗಡೆ ಪಡೆಯುವಿರೋ, ಬದುಕಿ ದುಃಖದೊಡನೆ ಸೆಣಸುವಿರೋ ಎಂದು ಕೇಳುವವನು ಔರಾನ್, ಅವನೂ ಸತ್ತು ಉಳಿದವನೇ. ಆ ಪ್ರಶ್ನೆಗೆ ಉತ್ತರವನ್ನು ಆಟಗಾರ ಮಾತಿನಲ್ಲಿ ಕೊಡುವುದಿಲ್ಲ, ಯಾರನ್ನು ತೊಳೆಯದೆ ಬಿಟ್ಟ ಎಂಬುದರಲ್ಲಿ ಕೊಡುತ್ತಾನೆ. ನಿಮ್ಮ ಬರಹಗಾರರು ಸುಂಕ ಎಂದದ್ದು ಇದನ್ನು.

ಇನ್ನೊಂದು ಉದಾಹರಣೆ, ಚಿಕ್ಕದಾಗಿ. ಕೊನೆಯ ಘಟ್ಟದಲ್ಲಿ ಯೂನಾ ಇಡೀ ಯಾತ್ರೆಯಲ್ಲಿ ಒಲಿಸಿಕೊಂಡ ಏಯಾನ್‌ಗಳನ್ನು ಒಂದೊಂದಾಗಿ ಕರೆದು, ಶತ್ರು ಒಳಹೊಕ್ಕ ಅವುಗಳನ್ನು ತನ್ನ ಕೈಯಾರೆ ಕೊಲ್ಲಬೇಕು. ಅಲ್ಲಿ ತಂಡದ ಮೇಲೆ ಬಿದ್ದರೂ ತಾನಾಗಿ ಎದ್ದು ನಿಲ್ಲುವ ರಕ್ಷೆ ಇದ್ದೇ ಇರುತ್ತದೆ, ಸೋಲುವುದು ಹೆಚ್ಚುಕಡಿಮೆ ಅಸಾಧ್ಯ. ಕೆಲವರು ಇದನ್ನು ಸಪ್ಪೆ ಎನ್ನುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಸಾಕಿದ್ದನ್ನು ಕಡಿಯುವ ಕೆಲಸಕ್ಕೆ ಸೋಲು ಗೆಲುವಿನ ರೋಚಕತೆ ಇದ್ದಿದ್ದರೆ ಅದೇ ಅಭಾಸವಾಗುತ್ತಿತ್ತು.

ಸಂಪಾದಕರಲ್ಲಿ ಒಂದು ವಿನಂತಿ. ಸರದಿಯ ಆಟವೊಂದನ್ನು ಪರಿಚಯಿಸುವಾಗ ಚಿತ್ರ ಎಷ್ಟು ಸೊಗಸು, ಎಷ್ಟು ಗಂಟೆ ಹಿಡಿಯುತ್ತದೆ ಎಂಬುದರ ಜೊತೆಗೆ ಮೂರು ಸಂಗತಿ ಬರೆಸಿ: ಸರದಿಯನ್ನು ಯಾವುದು ತೀರ್ಮಾನಿಸುತ್ತದೆ, ಆಳು ಬದಲಿಸಲು ಬೆಲೆಯೇನು, ಸೋತರೆ ಎಲ್ಲಿಂದ ಮತ್ತೆ ಶುರು. ಆಡುವವನಿಗೆ ಬೇಕಾದ್ದು ಇವು. ಯಾವ ಆವೃತ್ತಿ ಎಂಬುದನ್ನೂ ಬರೆಯಬೇಕು. ಬರಹದಲ್ಲಿ ಪ್ಲೇಸ್ಟೇಷನ್ 2ರ ಮಾತಷ್ಟೇ ಇದೆ. ಹೊಸದಾಗಿ ಮೆರುಗು ಕೊಟ್ಟ ಆವೃತ್ತಿ 2013ರಲ್ಲೇ ಬಂತು, 2016ರಿಂದ ಕಂಪ್ಯೂಟರ್‌ನಲ್ಲೂ 2019ರಿಂದ ನಿಂಟೆಂಡೊ ಸ್ವಿಚ್‌ನಲ್ಲೂ ಸಿಗುತ್ತದೆ. ಈಗ ಹೊಸಬರು ಆಡುವುದು ಅದನ್ನೇ.

ಆ ಆವೃತ್ತಿಯವರಿಗೆ ಒಂದು ಎಚ್ಚರಿಕೆ. ಅದರಲ್ಲಿ ಶತ್ರುಗಳಾಗಿ ಎದುರಾಗುವ 'ಡಾರ್ಕ್ ಏಯಾನ್'ಗಳಿವೆ. ಕಥೆಯ ಆರಂಭದಲ್ಲಿ ಬರುವ ಬೆಸೈಡ್ ದ್ವೀಪದ ಗುಡಿಯೊಳಗಿನ 'ಡಿಸ್ಟ್ರಕ್ಷನ್ ಸ್ಫಿಯರ್' ಎಂಬ ಗೋಳ ಬಳಸಿ, ಅಲ್ಲಿ ಅಡಗಿರುವ ನಿಧಿಯನ್ನು ಮೊದಲ ಸಲ ಹೋದಾಗಲೇ ತೆಗೆದುಕೊಳ್ಳಿ. ಮರೆತು ವಿಮಾನ ಸಿಕ್ಕ ಮೇಲೆ ಹಿಂದಿರುಗಿದರೆ ಊರ ಬಾಗಿಲಲ್ಲಿ 8,00,000 ಪ್ರಾಣಾಂಕದ ಡಾರ್ಕ್ ವಾಲೆಫೋರ್ ಅಡ್ಡ ನಿಂತಿರುತ್ತದೆ, ಆ ನಿಧಿಯಿಲ್ಲದೆ ಆನಿಮಾ ಎಂಬ ಏಯಾನ್ ಒಲಿಯುವುದಿಲ್ಲ. ಬಲ ಏರಿಸಿಕೊಂಡು ಬನ್ನಿ ಎಂಬ ನಿಮ್ಮ ಬರಹಗಾರರ ಸಲಹೆ ಸರಿಯಾಗಿ ಸಲ್ಲುವುದು ಆ ಬಾಗಿಲಲ್ಲಿ.

ಇತಿ,
ನಿಮ್ಮ ಓದುಗ
ಮೈಸೂರು